ರೈಸ್‌ಮನ್, ಜೆಫ್ರಿ

ಜೆಫ್ರಿ ರೈಸ್‌ಮನ್ (1939-2017) ಬ್ರಿಟನ್ನಿನ ನರವಿಜ್ಞಾನಿ. ವಯಸ್ಕ ಪ್ರಾಣಿಯ ಮಿದುಳು ಪೆಟ್ಟಿನ ಅನಂತರ ಹೊಸ ನರಸಂಪರ್ಕಗಳನ್ನು ಕಟ್ಟಿಕೊಳ್ಳಬಲ್ಲುದೆಂದು ತೋರಿಸಿದ ಈತ, ಮೂಗಿಗೆ ಸಂಬಂಧಿಸಿದ ಕೋಶಗಳಿಂದ ಬೆನ್ನುಹುರಿಯ ಗಾಯವನ್ನು ಸರಿಪಡಿಸುವ ಚಿಕಿತ್ಸಾಕ್ರಮಕ್ಕೆ ತಳಹದಿ ಹಾಕಿದವರಲ್ಲಿ ಪ್ರಮುಖ.

ಲೀಡ್ಸ್ ನಗರದಲ್ಲಿ ಹುಟ್ಟಿದ ರೈಸ್‌ಮನ್ ಆಕ್ಸ್‌ಫರ್ಡಿನ ಪೆಂಬ್ರೋಕ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, ಆ ವಿಶ್ವವಿದ್ಯಾಲಯದಲ್ಲಿಯೇ ಸಂಶೋಧನೆಗೆ ತೊಡಗಿದ. ಬೆಳೆದ ಪ್ರಾಣಿಯ ಮಿದುಳು ಮತ್ತು ಬೆನ್ನುಹುರಿಗಳಲ್ಲಿ ನರಮಾರ್ಗಗಳು ಸ್ಥಿರವಾಗಿದ್ದು, ಕಡಿದುಹೋದವು ಮರುಹುಟ್ಟು ಪಡೆಯಲಾರವೆಂಬ ಅಭಿಪ್ರಾಯ ಸ್ಪೇನಿನ ವಿಜ್ಞಾನಿ ರಮೋನ್-ಈ-ಕಹಾಲನ ಕಾಲದಿಂದಲೂ ಬೇರೂರಿತ್ತು. ಇಲಿಯ ಮಿದುಳಿನ ಸೆಪ್ಟಮ್ ಎಂಬ ಭಾಗಕ್ಕೆ ಎರಡು ಬೇರೆ ಬೇರೆ ಕಡೆಗಳಿಂದ ಬರುವ ನರತಂತುಗಳಲ್ಲಿ ಒಂದು ಗುಂಪನ್ನು ಕತ್ತರಿಸಿ ರೈಸ್‌ಮನ್ ಆ ಭಾಗವನ್ನು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರಿಶೀಲಿಸಿದಾಗ, ತೆರವಾದ ಸಿನಾಪ್ಸ್‌ಗಳನ್ನು, ಎಂದರೆ ಒಂದು ನರಕೋಶ ಇನ್ನೊಂದಕ್ಕೆ ಸಂಕೇತ ದಾಟಿಸುವ ಸಂಧಿಸ್ಥಾನಗಳನ್ನು, ಉಳಿದ ಗುಂಪಿನ ತಂತುಗಳು ಆಕ್ರಮಿಸಿಕೊಂಡಿರುವುದು ಕಂಡುಬಂದಿತು. 1969ರಲ್ಲಿ ಪ್ರಕಟವಾದ ಈ ಫಲಿತಾಂಶ ಮಿದುಳಿನ ಮಾರ್ಪಾಡುಶೀಲತೆಗೆ ದೊರೆತ ಮೊದಲ ದೃಢವಾದ ಸಾಕ್ಷ್ಯಗಳಲ್ಲಿ ಒಂದು. 1971ರಲ್ಲಿ ಈತ ಪಾಲಿನ್ ಫೀಲ್ಡ್ ಜೊತೆಗೂಡಿ ಗಂಡು ಹೆಣ್ಣು ಇಲಿಗಳ ಮಿದುಳಿನ ಸಂಧಿರಚನೆಯಲ್ಲಿರುವ ವ್ಯತ್ಯಾಸವನ್ನೂ ವರದಿ ಮಾಡಿದ.

1974ರಲ್ಲಿ ಲಂಡನ್ನಿನ ಮಿಲ್ ಹಿಲ್‌ನಲ್ಲಿದ್ದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಯನ್ನು ಸೇರಿದ ಮೇಲೆ ರೈಸ್‌ಮನ್ ಗಮನ ಘ್ರಾಣವ್ಯವಸ್ಥೆಯತ್ತ ತಿರುಗಿತು. ವಾಸನೆಯನ್ನು ಗ್ರಹಿಸುವ ನರಕೋಶಗಳು ಸತ್ತಂತೆಲ್ಲ ಮೂಗಿನ ಒಳಪೊರೆಯಲ್ಲಿ ಜೀವನವಿಡೀ ಹೊಸವು ಹುಟ್ಟುತ್ತಿದ್ದು, ಅವುಗಳ ತಂತುಗಳು ಬೆಳೆಯುತ್ತ ಹೋಗಿ ಮಿದುಳನ್ನು ಪ್ರವೇಶಿಸುತ್ತವೆ. ಈ ತಂತುಗಳನ್ನು ಸುತ್ತುವರಿದು ಮಿದುಳಿನ ಮೇಲ್ಮೈಯಲ್ಲಿ ಅವಕ್ಕೆ ದಾರಿ ಬಿಡಿಸಿಕೊಡುವವು ಘ್ರಾಣಾವರಣ ಕೋಶಗಳೆಂಬ ವಿಶಿಷ್ಟ ಆಧಾರಕೋಶಗಳೇ ಎಂದು ಈತ 1985ರಲ್ಲಿ ಸೂಚಿಸಿದ. ಬೆನ್ನುಹುರಿಯಲ್ಲಿ ಕಡಿದ ತಂತುಗಳಿಗೆ ಬೆಳೆಯುವ ಶಕ್ತಿಯಿಲ್ಲವೆಂದಲ್ಲ, ಗಾಯದ ಕಲೆಯಿಂದಾಗಿ ಬೆಳೆಯುವ ದಾರಿ ಮುಚ್ಚಿಹೋಗಿರುತ್ತದೆ ಎಂಬುದು ಈತನ ವಾದದ ತಿರುಳು. ಯಿಂಗ್ ಲೀ ಮತ್ತು ಫೀಲ್ಡ್ ಅವರೊಂದಿಗೆ 1997ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬೆನ್ನುಹುರಿಯ ನರಮಾರ್ಗ ಹಾಳಾಗಿ ಮುಂಗಾಲು ಚಾಚಿ ಆಹಾರ ತೆಗೆದುಕೊಳ್ಳಲಾರದಂತಾದ ಇಲಿಗಳಿಗೆ ಈ ಕೋಶಗಳನ್ನು ಕಸಿಮಾಡಿದಾಗ, ತಂತುಗಳು ಗಾಯವನ್ನು ದಾಟಿ ಬೆಳೆದು ಆ ಸಾಮರ್ಥ್ಯ ಮರಳಿತು. 2001ರಲ್ಲಿ ಈತ ರಾಯಲ್ ಸೊಸೈಟಿಯ ಸದಸ್ಯನಾದ.

2005ರಲ್ಲಿ ಲಂಡನ್ ಯೂನಿವರ್ಸಿಟಿ ಕಾಲೇಜಿನ ನರವಿಜ್ಞಾನ ಸಂಸ್ಥೆಗೆ ತೆರಳಿದ ರೈಸ್‌ಮನ್, ಪೋಲೆಂಡಿನ ವ್ರೊತ್ಸ್ವಾಫ್ ನಗರದ ಶಸ್ತ್ರವೈದ್ಯ ಪಾವೆಲ್ ತಬಾಕೊವ್ ತಂಡದೊಂದಿಗೆ ಸೇರಿ ಮಾನವ ಚಿಕಿತ್ಸೆಗೆ ಕೈಹಾಕಿದ. ಚಾಕು ಇರಿತದಿಂದ ಬೆನ್ನುಹುರಿ ತುಂಡಾಗಿದ್ದ ಒಬ್ಬ ರೋಗಿಯ ಘ್ರಾಣಪಿಂಡವೊಂದನ್ನು, ಎಂದರೆ ಮೂಗಿನ ನರತಂತುಗಳು ಬಂದು ಸೇರುವ ಮಿದುಳಿನ ಭಾಗವನ್ನು, ತೆಗೆದು, ಅದರಲ್ಲಿನ ಘ್ರಾಣಾವರಣ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಗಾಯದ ಮೇಲೂ ಕೆಳಗೂ ಚುಚ್ಚಿ, ನಡುವಣ ಸುಮಾರು 8 ಮಿ.ಮೀ. ಅಂತರಕ್ಕೆ ಆತನದೇ ಕಾಲಿನ ನರದ ಎಳೆಗಳನ್ನು ಸೇತುವೆಯಂತೆ ಜೋಡಿಸಲಾಯಿತು. ಕಾಲುಗಳಲ್ಲಿ ಸ್ವಲ್ಪಮಟ್ಟಿಗೆ ಸ್ಪರ್ಶಜ್ಞಾನ ಮತ್ತು ಚಲನೆ ಮರಳಿ, ಆಧಾರ ಹಿಡಿದು ನಡೆಯಲು ಸಾಧ್ಯವಾಯಿತೆಂಬ 2014ರ ವರದಿ ಜಗತ್ತಿನ ಗಮನ ಸೆಳೆಯಿತು. ಆದರೆ ಫಲಿತಾಂಶ ಒಬ್ಬನೇ ರೋಗಿಯದಾಗಿದ್ದುದರಿಂದಲೂ ದೀರ್ಘಕಾಲದ ತೀವ್ರ ವ್ಯಾಯಾಮ ಚಿಕಿತ್ಸೆ ಅದರೊಂದಿಗೆ ನಡೆದಿದ್ದುದರಿಂದಲೂ, ಸುಧಾರಣೆಯಲ್ಲಿ ಕಸಿಯ ಪಾಲೆಷ್ಟೆಂಬುದನ್ನು ಹಲವು ತಜ್ಞರು ಪ್ರಶ್ನಿಸಿದರು. ಹೆಚ್ಚು ರೋಗಿಗಳಲ್ಲಿ ಪರೀಕ್ಷಿಸಬೇಕೆಂಬುದು ರೈಸ್‌ಮನ್ ತಂಡದ ನಿಲುವೂ ಆಗಿತ್ತು. ಆ ಕಾರ್ಯ ಪೂರ್ಣಗೊಳ್ಳುವ ಮೊದಲೇ, 2017ರ ಜನವರಿಯಲ್ಲಿ, ಈತ ನಿಧನನಾದ.