ಮಾಡಿದ ಕೈಗೊಂದು ಹೆಸರು: ಲಂಡನ್ನಿನಲ್ಲಿ ಕಂಡ ಜಪಾನೀ ಕರಕುಶಲ ಕಲೆ

ಲಂಡನ್ನಿನ ವಸ್ತುಸಂಗ್ರಹಾಲಯಗಳಲ್ಲಿ ಜಪಾನೀ ಕರಕುಶಲ ವಸ್ತುಗಳನ್ನು ನೋಡುವ ಅವಕಾಶ ನನಗೆ ಹಲವು ಬಾರಿ ಒದಗಿದೆ. ಚಹಾ ಬಟ್ಟಲು, ಬಿದಿರಿನ ಬುಟ್ಟಿ, ಉರುಶಿ ಮರದ ರಸದಿಂದ ಮೆರುಗಿಟ್ಟ ಪೆಟ್ಟಿಗೆ, ಇವು ನೋಡಲು ಸರಳವಾದವು. ಆದರೆ ಇವಕ್ಕೆ ಇಂದಿನ ಗೌರವ ದೊರೆತುದರ ಹಿಂದೆ ಒಂದೂವರೆ ಶತಮಾನದ ಇತಿಹಾಸವಿದೆ.

1862ರ ಮೇ 1ರಂದು ದಕ್ಷಿಣ ಕೆನ್ಸಿಂಗ್ಟನ್ನಿನಲ್ಲಿ ಅಂತರರಾಷ್ಟ್ರೀಯ ವಸ್ತುಪ್ರದರ್ಶನವು ಆರಂಭವಾಯಿತು. ಜಪಾನಿನಲ್ಲಿ ಬ್ರಿಟನ್ನಿನ ಪ್ರತಿನಿಧಿಯಾಗಿದ್ದ ರುದರ್‌ಫರ್ಡ್ ಆಲ್ಕಾಕ್ ತಾವು ಸಂಗ್ರಹಿಸಿದ ನೂರಾರು ವಸ್ತುಗಳನ್ನು ಅಲ್ಲಿ ಇರಿಸಿದ್ದರು. ಆಂಗ್ಲರು ಬೆರಗಾದರು. ಆದರೆ ಅದೇ ದಿನ ಅಲ್ಲಿಗೆ ಬಂದಿದ್ದ ಜಪಾನೀ ರಾಜತಾಂತ್ರಿಕರಿಗೆ ಸಂಕೋಚವಾಯಿತು. ಕಾಗದದ ದೀಪಗಳು, ನಮ್ಮ ಮಲೆನಾಡಿನ ಗೊರಬನ್ನು ನೆನಪಿಸುವ ಹುಲ್ಲಿನ ಮಳೆಯಂಗಿ ಮುಂತಾದ ನಿತ್ಯೋಪಯೋಗಿ ವಸ್ತುಗಳನ್ನು ಜಗತ್ತಿನೆದುರು ಇಡುವುದು ಅವರಿಗೆ ಸರಿಯೆನಿಸಲಿಲ್ಲ. 1873ರ ವಿಯೆನ್ನಾ ಪ್ರದರ್ಶನದಲ್ಲಿ ಜಪಾನ್ ಸರಕಾರವೇ ಮುಂದೆ ನಿಂತು, ಆಯ್ದ ವಸ್ತುಗಳನ್ನು ಕಳುಹಿಸಿತು.

ಆ ಸಂಕೋಚವನ್ನು ಹೆಮ್ಮೆಯಾಗಿ ಪರಿವರ್ತಿಸಿದವರು ಚಿಂತಕ ಯನಾಗಿ ಸೊಯೆತ್ಸು. ಯಂತ್ರಗಳ ಭರಾಟೆಯಲ್ಲಿ ಕೈಕಸುಬುಗಳು ಸೊರಗುತ್ತಿದ್ದಾಗ, 1925ರಲ್ಲಿ ಅವರೂ ಕುಂಭಕಲಾವಿದರಾದ ಹಮಾದಾ ಶೋಜಿ ಮತ್ತು ಕವಾಯಿ ಕಾಂಜಿರೋ ಅವರೂ ಸೇರಿ 'ಮಿಂಗೇಯಿ', ಎಂದರೆ ಜನಸಾಮಾನ್ಯರ ಕುಶಲಕಲೆ, ಎಂಬ ಪದವನ್ನು ರೂಢಿಗೆ ತಂದರು. ಹೆಸರಿಲ್ಲದ ಕುಶಲಿಗಳು ಬಳಕೆಗೆಂದು ಮಾಡಿದ ವಸ್ತುಗಳಲ್ಲಿಯೇ ನಿಜವಾದ ಸೌಂದರ್ಯವಿದೆ ಎಂಬುದು ಅವರ ನಿಲುವು. 1936ರಲ್ಲಿ ಟೋಕಿಯೋದಲ್ಲಿ ಅಂಥ ವಸ್ತುಗಳಿಗಾಗಿಯೇ ಒಂದು ಸಂಗ್ರಹಾಲಯವು ತೆರೆಯಿತು.

ಯುದ್ಧಾನಂತರ, 1950ರಲ್ಲಿ ಜಪಾನ್ ಒಂದು ಶಾಸನವನ್ನು ರೂಪಿಸಿತು. ಅದರಂತೆ ವಸ್ತುವಷ್ಟೇ ಅಲ್ಲ, ಅದನ್ನು ಮಾಡುವ ವಿದ್ಯೆಯೂ ರಾಷ್ಟ್ರದ ಸಂಪತ್ತು. ಆ ವಿದ್ಯೆಯನ್ನು ಬಲ್ಲವರನ್ನು ಜನರು 'ಜೀವಂತ ರಾಷ್ಟ್ರನಿಧಿ' ಎಂದು ಕರೆಯುತ್ತಾರೆ. 1955ರ ಮೊದಲ ಆಯ್ಕೆಯಲ್ಲಿಯೇ ಹಮಾದಾ ಅವರ ಹೆಸರಿತ್ತು. ಕವಾಯಿ ಅವರಾದರೋ ಗೌರವವನ್ನು ವಿನಯದಿಂದ ನಿರಾಕರಿಸಿದರು. ಹೀಗೆ ಆಯ್ಕೆಯಾದವರಿಗೆ ಸರಕಾರವು ವರ್ಷಕ್ಕೆ 20 ಲಕ್ಷ ಯೆನ್ ನೀಡುತ್ತದೆ. ಈ ಹಣ ಬಹುಮಾನವಲ್ಲ. ವಿದ್ಯೆಯನ್ನು ಬೆಳೆಸಿ ಶಿಷ್ಯರಿಗೆ ದಾಟಿಸುವುದಕ್ಕಾಗಿ ಕೊಡುವ ನೆರವು.

ಇದರ ಫಲವನ್ನು 2007ರಲ್ಲಿ ಬ್ರಿಟಿಷ್ ಮ್ಯೂಸಿಯಂ ಏರ್ಪಡಿಸಿದ ಆಧುನಿಕ ಜಪಾನೀ ಕುಶಲಕಲೆಯ ಪ್ರದರ್ಶನದಲ್ಲಿ ಕಂಡೆ. ಬಟ್ಟಲಿನ ಪಕ್ಕದಲ್ಲಿ ಅದನ್ನು ಮಾಡಿದವರ ಹೆಸರಿತ್ತು. 2018ರಲ್ಲಿ ಲಂಡನ್ನಿನ ಜಪಾನ್ ಹೌಸಿನಲ್ಲಿ ನಡೆದ ಪ್ರದರ್ಶನವು ನೀಗಾತಾ ಪ್ರಾಂತದ ತ್ಸುಬಾಮೆ-ಸಾಂಜೋ ಊರುಗಳ ಲೋಹದ ಕೆಲಸಕ್ಕೇ ಮೀಸಲಾಗಿತ್ತು. ಅಲ್ಲಿನ ಕುಶಲಿಗಳು ಒಂದೇ ತಾಮ್ರದ ತಗಡನ್ನು ಬಡಿದು ಬಡಿದು, ಎಲ್ಲಿಯೂ ಬೆಸುಗೆಯಿಲ್ಲದೆ, ಮೂತಿಯ ಸಹಿತ ಗಿಂಡಿಯಂಥ ಪಾತ್ರೆಯನ್ನು ರೂಪಿಸಬಲ್ಲರು. ಹಳೆಯ ವಿದ್ಯೆ ಇಂದಿನ ಅಡುಗೆಮನೆಗೂ ಸಲ್ಲುತ್ತಿದೆ.

ದಕ್ಷಿಣ ಕೆನ್ಸಿಂಗ್ಟನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ 1986ರಲ್ಲಿ ಜಪಾನೀ ಕಲೆಯ ಪ್ರತ್ಯೇಕ ಅಂಗಣವು ತೆರೆಯಿತು. ಅದೇ ಸಂಗ್ರಹಾಲಯದಲ್ಲಿ ನಮ್ಮ ಬೀದರಿನ ಹಳೆಯ ಬಿದರಿ ಹುಕ್ಕಾ ಪಾತ್ರೆಗಳೂ ಇವೆ. ಕಪ್ಪು ಲೋಹದಲ್ಲಿ ಬೆಳ್ಳಿಯ ಬಳ್ಳಿ ಇಂದಿಗೂ ಹೊಳೆಯುತ್ತದೆ. ಆದರೆ ಆ ಬಳ್ಳಿಯನ್ನು ಕೆತ್ತಿದ ಕೈ ಯಾರದೆಂದು ಯಾರೂ ಬರೆದಿಡಲಿಲ್ಲ.

ನಮ್ಮಲ್ಲಿಯೂ ಈ ಕೊರತೆಯನ್ನು ಕಂಡವರಿದ್ದರು. 1903ರಲ್ಲಿ ಮಂಗಳೂರಿನಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯರು 1952ರಿಂದ ಅಖಿಲ ಭಾರತ ಕರಕುಶಲ ಮಂಡಳಿಯನ್ನು ಮುನ್ನಡೆಸಿ, ಕುಶಲಕರ್ಮಿಗಳ ಏಳಿಗೆಗಾಗಿ ದುಡಿದರು. 2023ರಲ್ಲಿ ಬೀದರಿನ ಶಾ ರಶೀದ್ ಅಹಮದ್ ಖಾದ್ರಿ ಅವರಿಗೆ ಪದ್ಮಶ್ರೀ ಸಂದಿತು. ಹೀಗೆ ಒಂದು ಹೆಸರು ಬೆಳಕಿಗೆ ಬಂದಿತು.

ಕಲೆಯನ್ನು ಉಳಿಸುವುದು ಗಾಜಿನ ಪೆಟ್ಟಿಗೆಯಲ್ಲ. ಗುರುವಿನಿಂದ ಶಿಷ್ಯನಿಗೆ ದಾಟುವ ವಿದ್ಯೆ, ಬಳಸುವವರ ಮನೆ. ನಮ್ಮ ಸಮ್ಮೇಳನಗಳಲ್ಲಿ ಗಣ್ಯರಿಗೆ ಬಿದರಿಯ ಸ್ಮರಣಿಕೆಗಳನ್ನು ಅರ್ಪಿಸುವುದುಂಟು. ಅದರ ಮೇಲೆ ಕೊಟ್ಟವರ ಹೆಸರಿರುತ್ತದೆ, ಪಡೆದವರ ಹೆಸರಿರುತ್ತದೆ. ಇನ್ನು ಮುಂದೆ ಮಾಡಿದವರ ಹೆಸರನ್ನೂ ಕೇಳಿ ಬರೆಸೋಣ.