ಅಪ್‌ಡೇಟ್ ಆದ ಮೇಲೆ ಕ್ರೋಮ್ ತೆರೆಯುತ್ತಿಲ್ಲವೇ? ಫೋನ್ ರೀಸೆಟ್ ಮಾಡುವ ಮೊದಲು ಇದನ್ನು ಓದಿ

ನಿನ್ನೆವರೆಗೂ ಸರಿಯಾಗಿದ್ದ ಕ್ರೋಮ್ ಬ್ರೌಸರ್ ಇಂದು ಒತ್ತಿದರೆ ಒಂದು ಕ್ಷಣ ಬಿಳಿ ಪರದೆ ತೋರಿಸಿ ಮುಚ್ಚಿಕೊಳ್ಳುತ್ತಿದೆ. ರಾತ್ರಿ ಅದು ತಾನಾಗಿಯೇ ಅಪ್‌ಡೇಟ್ ಆಗಿದೆ. ಯಾರನ್ನಾದರೂ ಕೇಳಿದರೆ "ವೈರಸ್ ಬಂದಿರಬೇಕು, ಫೋನ್ ರೀಸೆಟ್ ಮಾಡಿಬಿಡಿ" ಎನ್ನುತ್ತಾರೆ. ದಯವಿಟ್ಟು ಅವಸರ ಮಾಡಬೇಡಿ. ಹೆಚ್ಚಿನ ಸಲ ಇದು ವೈರಸ್ಸೂ ಅಲ್ಲ, ನಿಮ್ಮ ತಪ್ಪೂ ಅಲ್ಲ.

2021ರ ಮಾರ್ಚ್ 22ರಂದು ಏನಾಯಿತು ನೋಡಿ. ಆಂಡ್ರಾಯ್ಡ್ ಫೋನುಗಳಲ್ಲಿ ಜಿಮೇಲ್ ಸೇರಿದಂತೆ ಹಲವು ಆ್ಯಪ್‌ಗಳು ತೆರೆದ ಕೂಡಲೇ ಮುಚ್ಚಿಕೊಳ್ಳತೊಡಗಿದವು. ಕಾರಣ 'ಆಂಡ್ರಾಯ್ಡ್ ಸಿಸ್ಟಮ್ ವೆಬ್‌ವ್ಯೂ'. ಬೇರೆ ಆ್ಯಪ್‌ಗಳ ಒಳಗೆ ವೆಬ್ ಪುಟ ತೋರಿಸಲು ಬಳಕೆಯಾಗುವ ಭಾಗ ಇದು. ಕ್ರೋಮ್‌ಗೆ ಹತ್ತಿರದ ನೆಂಟ. ನಮ್ಮ ಕಣ್ಣಿಗೆ ಇದರ ಐಕಾನ್ ಬೀಳುವುದಿಲ್ಲ, ಹಾಗಾಗಿ ಅನುಮಾನವೂ ಬರುವುದಿಲ್ಲ. ಕೊನೆಗೆ ವೆಬ್‌ವ್ಯೂ ಮತ್ತು ಕ್ರೋಮ್ ಎರಡಕ್ಕೂ ಹೊಸ ಅಪ್‌ಡೇಟ್ ಕೊಟ್ಟು ಗೂಗಲ್ ಸರಿಪಡಿಸಿತು. ಇಂಥ ಸಂದರ್ಭದಲ್ಲಿ ಫೋನ್ ರೀಸೆಟ್ ಮಾಡಿದರೂ ಪ್ಲೇ ಸ್ಟೋರ್ ಅದೇ ದೋಷವಿರುವ ಅಪ್‌ಡೇಟನ್ನು ಮತ್ತೆ ತಂದು ಹಾಕಬಹುದು. ಹೋಗುವುದು ನಿಮ್ಮ ಫೋಟೋ, ಚಾಟ್‌ಗಳು ಮಾತ್ರ.

ಹಾಗಾದರೆ ಏನು ಮಾಡಬೇಕು? ಮೊದಲು ಫೋನನ್ನು ಆಫ್ ಮಾಡಿ ಆನ್ ಮಾಡಿ. ಹಳೆಯ ಸಲಹೆಯೇ, ಆದರೂ ಕೆಲಸ ಮಾಡುತ್ತದೆ. ಫೋನಿನಲ್ಲಿ ಜಾಗ ಖಾಲಿ ಇದೆಯೇ ನೋಡಿ. ತುಂಬಿ ತುಳುಕುತ್ತಿದ್ದರೆ ಒಂದಷ್ಟು ಗುಡ್ ಮಾರ್ನಿಂಗ್ ವಿಡಿಯೋಗಳಿಗೆ ವಿದಾಯ ಹೇಳಿ. ನಂತರ ಪ್ಲೇ ಸ್ಟೋರ್ ತೆರೆದು ಕ್ರೋಮ್ ಮತ್ತು ಆಂಡ್ರಾಯ್ಡ್ ಸಿಸ್ಟಮ್ ವೆಬ್‌ವ್ಯೂ ಎರಡಕ್ಕೂ ಹೊಸ ಅಪ್‌ಡೇಟ್ ಬಂದಿದೆಯೇ ಹುಡುಕಿ. ಆಗಲೂ ಸರಿಹೋಗದಿದ್ದರೆ ಸೆಟ್ಟಿಂಗ್ಸ್‌ನ ಆ್ಯಪ್ಸ್ ವಿಭಾಗದಲ್ಲಿ ಕ್ರೋಮ್ ಆರಿಸಿ, 'ಫೋರ್ಸ್ ಸ್ಟಾಪ್' ಒತ್ತಿ, ಸ್ಟೋರೇಜ್ ಒಳಗೆ ಹೋಗಿ 'ಕ್ಲಿಯರ್ ಕ್ಯಾಶ್' ಮಾಡಿ.

ಎಚ್ಚರ ಬೇಕಿರುವುದು ಇಲ್ಲಿ. ಅದರ ಪಕ್ಕದಲ್ಲೇ ಇರುವ 'ಮ್ಯಾನೇಜ್ ಸ್ಪೇಸ್' ಒಳಗೆ 'ಕ್ಲಿಯರ್ ಆಲ್ ಡೇಟಾ' ಎಂಬ ಇನ್ನೊಂದು ಬಟನ್ ಇರುತ್ತದೆ. ಕ್ಯಾಶ್ ಎಂದರೆ ಪುಟಗಳು ಬೇಗ ತೆರೆಯಲೆಂದು ಇಟ್ಟುಕೊಂಡ ತಾತ್ಕಾಲಿಕ ಪ್ರತಿ, ಅಳಿಸಿದರೆ ನಷ್ಟವಿಲ್ಲ. ಇನ್ನೊಂದು ಬಟನ್ ಒತ್ತಿದರೆ ತೆರೆದಿಟ್ಟ ಟ್ಯಾಬ್‌ಗಳು, ಬುಕ್‌ಮಾರ್ಕ್‌ಗಳು, ಫೋನಿನಲ್ಲಷ್ಟೇ ಉಳಿಸಿದ ಪಾಸ್‌ವರ್ಡ್‌ಗಳು ಹೋಗುತ್ತವೆ. ಮೇಲ್ಮೂಲೆಯ ಮೆನುವಿನಲ್ಲಿ ಸಿಗುವ 'ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್' ಕೂಡ ಹೀಗೆಯೇ: ಹಳೆಯ ಆವೃತ್ತಿ ಮರಳುತ್ತದೆ, ಆದರೆ ಡೇಟಾ ಅಳಿಯುತ್ತದೆ. ಗೂಗಲ್ ಖಾತೆಯೊಂದಿಗೆ ಸಿಂಕ್ ಆಗಿದ್ದರೆ ಪಾಸ್‌ವರ್ಡ್, ಬುಕ್‌ಮಾರ್ಕ್ ವಾಪಸ್ ಬರುತ್ತವೆ. ಕಂಪ್ಯೂಟರಿನ ಕ್ರೋಮ್‌ನಲ್ಲಿ ಅದೇ ಖಾತೆಯಿಂದ ಸೈನ್ ಇನ್ ಆಗಿ, ಅವು ಕಾಣಿಸುತ್ತವೆಯೇ ಎಂದು ಖಚಿತಪಡಿಸಿಕೊಂಡೇ ಈ ಹೆಜ್ಜೆ ಇಡಿ. ವೆಬ್‌ವ್ಯೂ ಅಪ್‌ಡೇಟ್ ತೆಗೆಯಲು ಮಾತ್ರ ಇಷ್ಟು ಹೆದರಬೇಕಿಲ್ಲ, ಅದರಲ್ಲಿ ನಿಮ್ಮ ಬುಕ್‌ಮಾರ್ಕ್ ಏನೂ ಇರುವುದಿಲ್ಲ. ಅಲ್ಲಿಯವರೆಗೆ ತುರ್ತು ಕೆಲಸಕ್ಕೆ ಫೈರ್‌ಫಾಕ್ಸ್ ಹಾಕಿಕೊಳ್ಳಬಹುದು; ಅದಕ್ಕೆ ತನ್ನದೇ ಎಂಜಿನ್ ಇದೆ, ವೆಬ್‌ವ್ಯೂ ಹಂಗಿಲ್ಲ.

ಇನ್ನು ವಾಟ್ಸ್‌ಆ್ಯಪ್‌ನಲ್ಲಿ "ಕ್ರೋಮ್ ಸರಿಪಡಿಸಲು ಈ ಫೈಲ್ ಹಾಕಿ" ಎಂದು ಎಪಿಕೆ ಫೈಲ್ ಬಂದರೆ ಮುಟ್ಟಬೇಡಿ, ಮುಂದಕ್ಕೂ ಕಳಿಸಬೇಡಿ. ಕ್ರೋಮ್ ಅಪ್‌ಡೇಟ್ ಎಂಬ ಹೆಸರಿನಲ್ಲಿ ಎಸ್‌ಎಂಎಸ್, ಓಟಿಪಿ ಕದಿಯುವ ಆ್ಯಪ್‌ಗಳು ಹಿಂದೆಯೂ ಸಿಕ್ಕಿಬಿದ್ದಿವೆ. ಗೂಗಲ್ ನಿಮಗೆ ವಾಟ್ಸ್‌ಆ್ಯಪ್‌ನಲ್ಲಿ ಅಪ್‌ಡೇಟ್ ಕಳಿಸುವುದಿಲ್ಲ. ಈಗಾಗಲೇ ಹಾಕಿಕೊಂಡಿದ್ದರೆ ಇಂಟರ್‌ನೆಟ್ ಆಫ್ ಮಾಡಿ, ಆ ಆ್ಯಪ್ ತೆಗೆದುಹಾಕಿ, ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.