ನೆಲದ ಬಿಸಿ: ರೇಕ್ಯವಿಕ್‌ನಿಂದ ಭದ್ರಾವತಿಗೆ

ಭೂಗರ್ಭದ ಬಿಸಿನೀರನ್ನು ಕೊಳವೆಯಲ್ಲಿ ಹರಿಸಿ ಊರಿಗೆ ಊರನ್ನೇ ಬೆಚ್ಚಗಿಡುವ ಕೆಲಸ ಅಮೆರಿಕದ ಬಾಯ್ಸಿ ಪಟ್ಟಣದಲ್ಲಿ 1892ರಲ್ಲೇ ಶುರುವಾಯಿತು. 1930ರಲ್ಲಿ ರೇಕ್ಯವಿಕ್ ನಗರ ಸುಮಾರು ಮೂರು ಕಿಲೋಮೀಟರ್ ದೂರದ ಬುಗ್ಗೆಗಳಿಂದ ಒಂದು ಶಾಲೆಗೂ ಕೆಲವು ಮನೆಗಳಿಗೂ ನೀರು ತಂದಿತು. ಈಗ ಐಸ್‌ಲ್ಯಾಂಡಿನ ಹತ್ತರಲ್ಲಿ ಒಂಬತ್ತು ಮನೆಗಳಿಗೆ ನೆಲದಡಿಯ ಬಿಸಿಯೇ ಗತಿ. ಆದರೆ ಇವು ಬುಗ್ಗೆ ಪಡೆದುಕೊಂಡು ಬಂದ ಊರುಗಳು.

ನಿಜವಾದ ತಿರುವು 1969ರದು. ಪ್ಯಾರಿಸ್ ಬಳಿಯ ಮೆಲನ್ ಪಟ್ಟಣದಲ್ಲಿ ಬುಗ್ಗೆಯಿಲ್ಲ, ಒಂದೂವರೆ ಕಿಲೋಮೀಟರಿಗೂ ಆಳದ ಸುಣ್ಣಕಲ್ಲಿನ ಪದರದಲ್ಲಿ ಬಿಸಿ ಉಪ್ಪುನೀರಿದೆ. ಒಂದು ಬಾವಿಯಿಂದ ಅದನ್ನು ಎತ್ತಿ, ಬಿಸಿಯನ್ನಷ್ಟೇ ಮನೆಗಳ ನೀರಿಗೆ ದಾಟಿಸಿ, ತಣ್ಣಗಾದದ್ದನ್ನು ಇನ್ನೊಂದು ಬಾವಿಯ ಮೂಲಕ ಅದೇ ಪದರಕ್ಕೆ ಮರಳಿಸಿದರು. ಜಲಾಶಯ ಬರಿದಾಗುವ ಭಯ ಅಲ್ಲಿಗೆ ನೀಗಿತು.

ಭಾರತದಲ್ಲಿ ಬಿಸಿನೀರಿನ ಬುಗ್ಗೆಗಳ ಸಮಿತಿ ರಚನೆಯಾದದ್ದು 1966ರಲ್ಲಿ. ಎಪ್ಪತ್ತರ ದಶಕದಲ್ಲಿ ಲಡಾಖಿನ ಪೂಗಾ ಕಣಿವೆಯಲ್ಲಿ ಕೊರೆದರು. ನಮ್ಮ ರಾಜ್ಯದ ಪಾಲಿಗೆ ಬಂದದ್ದು ಪುತ್ತೂರು ಸೀಮೆಯ ಇರ್ದೆಯ ಬೆಂದ್ರ್ ತೀರ್ಥ. ಸ್ನಾನಕ್ಕೆ ಹಿತ, ಅದಕ್ಕಿಂತ ಹೆಚ್ಚು ಕೇಳಬಾರದು.

ಭದ್ರಾವತಿಯ ನೆಲ ಇನ್ನೂ ಜಿಪುಣ. ಧಾರವಾಡ ಶಿಲಾಸಮೂಹದ ಈ ಕಲ್ಲುಗಳಿಗೆ 250 ಕೋಟಿ ವರ್ಷ ಮೀರಿದ ವಯಸ್ಸು. ನೀರು ನಿಲ್ಲುವುದು ಬಿರುಕುಗಳಲ್ಲಿ ಮಾತ್ರ. ಒಳಗಿನ ಬಿಸಿಯ ಅಂದಾಜಿಗೆ ಕೋಲಾರದ ಚಿನ್ನದ ಗಣಿ ಇದೆ: ಮೂರು ಕಿಲೋಮೀಟರ್ ಆಳದಲ್ಲಿ ಬಂಡೆಯ ಬಿಸಿ ಸುಮಾರು 65 ಡಿಗ್ರಿ. ಅಂದರೆ ಕಿಲೋಮೀಟರಿಗೆ ಹದಿಮೂರು ಡಿಗ್ರಿಯಷ್ಟು ಏರಿಕೆ, ಲೋಕದ ಸರಾಸರಿಯ ಅರ್ಧ. ಭದ್ರಾವತಿಯಲ್ಲೂ ಇದೇ ಲೆಕ್ಕ ಹಿಡಿದರೆ, ಬೇಯಿಸಿದ ಅಡಿಕೆ ಒಣಗಿಸಲು 60 ಡಿಗ್ರಿ ಬೇಕೆಂದವನು ಎರಡೂವರೆ ಕಿಲೋಮೀಟರಿಗೂ ಕೆಳಗಿಳಿಯಬೇಕು. ಅಷ್ಟು ದುಡ್ಡಿದ್ದವನು ಅಡಿಕೆ ಬೆಳೆಯುವುದೇಕೆ?

ಮನೆ ಬೆಚ್ಚಗಿಡುವ ಪ್ರಶ್ನೆಯಂತೂ ಇಲ್ಲಿ ಬಚ್ಚಲ ಹಂಡೆಯಲ್ಲೇ ಮುಗಿಯುತ್ತದೆ. ಆದರೂ ಒಂದು ಮಾತು ಹೇಳಬೇಕು. 1923ರಿಂದ ಕಬ್ಬಿಣ ಕರಗಿಸಿದ ಊರಿನಲ್ಲಿ ಬಿಸಿಗೆ ನೆಲ ಅಗೆಯಬೇಕಿರಲಿಲ್ಲ. ಸ್ವೀಡನ್ನಿನ ಲೂಲಿಯೊ ನಗರ ಎಂಬತ್ತರ ದಶಕದಿಂದ ಉಕ್ಕಿನ ಕಾರ್ಖಾನೆಯ ಅನಿಲದಿಂದಲೇ ಮನೆಗಳಿಗೆ ಬಿಸಿ ಹಂಚುತ್ತಿದೆ. ಮಲೆನಾಡಿನ ಸೌದೆ ಇದ್ದಲಾಗಿ ಉರಿದು ಕೊಟ್ಟ ಬಿಸಿಯಲ್ಲಿ ಬಹುಪಾಲು ಭದ್ರಾವತಿಯ ಗಾಳಿಗೆ ಹೋಯಿತು.

ಕರ್ನಾಟಕದಲ್ಲಿ ಈ ವಿದ್ಯೆಗೆ ಜಾಗವಿದ್ದರೆ ಅದು ಕೋಲಾರವೇ ಎಂದು ನನ್ನ ಎಣಿಕೆ. ನೆದರ್ಲೆಂಡ್ಸಿನ ಹೇರ್ಲೆನ್ ಪಟ್ಟಣ ಮುಚ್ಚಿದ ಕಲ್ಲಿದ್ದಲು ಗಣಿಯ 28 ಡಿಗ್ರಿಯ ನೀರನ್ನು 2008ರಿಂದ ಕಟ್ಟಡಗಳನ್ನು ಬೆಚ್ಚಗಿಡಲು ಮಾತ್ರವಲ್ಲ, ತಂಪಾಗಿಡಲೂ ಬಳಸುತ್ತಿದೆ. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಪಂಪು ನಿಂತ ಮೇಲೆ ಸುರಂಗಗಳಲ್ಲಿ ನೀರು ಏರಿದೆ. ಕೇಂದ್ರದ 2025ರ ಭೂಶಾಖ ನೀತಿ ನೆಲವನ್ನೇ ಆಸರೆಯಾಗಿಸಿಕೊಂಡು ಕಟ್ಟಡ ತಣಿಸುವ ಹೀಟ್ ಪಂಪುಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿದೆ.